ಅರ್ಧ ಸೀಸೆ ಇನ್ಸುಲಿನ್

ಹೋದ ಚಳಿಗಾಲದಲ್ಲಿ ತಮ್ಮನ ಮೊಮ್ಮಗಳು ತನ್ನ ಕಾಲೇಜಿನ ವಿಜ್ಞಾನ ಪ್ರದರ್ಶನ ತೋರಿಸಲು ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದಳು. ಒಂದು ಮೇಜಿನ ಮೇಲೆ ಸ್ಪಿರಿಟ್ ದೀಪ ಉರಿಯುತ್ತಿತ್ತು. ಒಬ್ಬ ಹುಡುಗಿ ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಿಡಿದು, ಅದಕ್ಕೆ ಗ್ಲೂಕೋಸ್ ಬೆರೆಸಿದ ನೀರನ್ನು ನಾಲ್ಕು ಹನಿ ಬಿಟ್ಟು ಕಾಯಿಸತೊಡಗಿದಳು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡುತ್ತಿದ್ದಂತೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮರದ ಕಟ್ಟೆಯ ಮೇಲೆ ಕುಳಿತೆ. ಉರಿಯುವ ಸ್ಪಿರಿಟ್ಟಿನ ಆ ವಾಸನೆ ಮೂಗು ಬಿಟ್ಟು ಹೋಗಲೇ ಇಲ್ಲ. ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೆ.

ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಎರಡು ವರ್ಷ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ನಾವಿದ್ದದ್ದು ಕುರುಗೋಡಿನಲ್ಲಿ. ನನ್ನ ಗಂಡ ತಿಮ್ಮಪ್ಪ ಕಲ್ಲು ಕೆಲಸದವರು. ಗುಡ್ಡದ ಬುಡದಿಂದ ಕಲ್ಲು ತಂದು ಬೀಸುಕಲ್ಲು, ಒರಳು ಕಡಿಯುತ್ತಿದ್ದರು. ಯಾರಾದರೂ ಬಾವಿ ಕಟ್ಟಿಸಿದರೆ, ಗುಡಿಗೆ ಮೆಟ್ಟಿಲು ಹಾಕಿಸಿದರೆ ಅವರ ಹೆಸರಿನ ಕಲ್ಲನ್ನೂ ಕೊರೆದುಕೊಡುತ್ತಿದ್ದರು. ಶಾಲೆಯ ಮಾಸ್ತರರು ಸೀಮೆಸುಣ್ಣದಲ್ಲಿ ಬರೆದುಕೊಟ್ಟ ಅಕ್ಷರಗಳ ಮೇಲೆ ಉಳಿ ಆಡಿಸುತ್ತಿದ್ದರೇ ಹೊರತು ಅವರಿಗೆ ಓದು ಬರುತ್ತಿರಲಿಲ್ಲ. ಅವರಿಗೆ ಮೂವತ್ತೆಂಟು, ನನಗೆ ಇಪ್ಪತ್ತೆಂಟು. ಮಕ್ಕಳಿರಲಿಲ್ಲ.

ಆ ಬೇಸಿಗೆ ಅವರು ದಿನಕ್ಕೆ ಒಂದು ಕೊಡ ನೀರು ಕುಡಿಯತೊಡಗಿದರು. ನಮ್ಮ ಸೀಮೆಯ ಬಿಸಿಲಿನಲ್ಲಿ, ಅದೂ ಕಾದ ಬಂಡೆಯ ಮೇಲೆ ಕೂತು ಸುತ್ತಿಗೆ ಹೊಡೆಯುವವರಿಗೆ ನೀರಡಿಕೆಯಾದರೆ ಅದನ್ನು ಯಾರು ರೋಗ ಎಂದುಕೊಳ್ಳುತ್ತಾರೆ? ಮೈ ಇಳಿಯಿತು. ಸೊಂಟದ ಉಡಿದಾರ ಸಡಿಲಾಗಿ ತೊಡೆಗೆ ಜಾರುತ್ತಿತ್ತು. ಅದನ್ನೂ ಬಿಸಿಲಿನ ತಲೆಗೇ ಕಟ್ಟಿದೆವು. ಒಂದು ಸಂಜೆ ಅವರು ಕೆಲಸ ಮುಗಿಸಿ ಒಳಗೆ ಬಂದಾಗ, ಸಾರಿಸಿದ ನೆಲದ ಮೇಲೆ ಹೊಸಿಲಿನಿಂದ ಒಲೆಯವರೆಗೂ ಎಡಗಾಲಿನ ಹೆಜ್ಜೆಗಳು ಕೆಂಪಗೆ ಮೂಡಿದ್ದವು.

“ಏನ್ರಿ ಇದು, ಕಾಲಿಗೇನಾತು?” ಎಂದೆ.

“ಯಾವ ಕಾಲಿಗೆ?” ಎಂದರು.

ಕೂರಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಉಗುರುದ್ದದ ಕಲ್ಲಿನ ಚಕ್ಕೆ ಒಳಗೆ ಹೊಕ್ಕಿತ್ತು.

“ನೋಯಾಕತ್ತಿಲ್ಲೇನು?”

“ಇಲ್ಲಲೇ ಈರಿ. ಒಂಚೂರೂ ಇಲ್ಲ.”

ಹೇಳಿ ನಕ್ಕರು. ಗಟ್ಟಿ ಗಂಡಸಿಗೆ ನೋವೇ ಆಗುವುದಿಲ್ಲ ನೋಡು ಎನ್ನುವ ಹಾಗಿತ್ತು ಆ ನಗು. ನಾನೂ ನಕ್ಕೆ. ಚಕ್ಕೆ ಕಿತ್ತು ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆ. ಮೊದಲ ಮಳೆ ಬೀಳುವ ಹೊತ್ತಿಗೆ ಆ ಬೆರಳು ಕಪ್ಪಾಗಿತ್ತು.

ಬಳ್ಳಾರಿಯ ಆಸ್ಪತ್ರೆಯ ಡಾಕ್ಟರು ತೆಲುಗಿನವರು. ಕಾಲು ನೋಡುವ ಮೊದಲು ಮೂತ್ರ ತರಿಸಿದರು. ನಮ್ಮೆದುರೇ ಆ ನೀಲಿ ಮದ್ದಿನಲ್ಲಿ ಹನಿ ಬಿಟ್ಟು ದೀಪದ ಮೇಲೆ ಹಿಡಿದರು. ಇಟ್ಟಿಗೆಯ ಬಣ್ಣ ಬಂದಾಗ ನಳಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, “ನೋಡಮ್ಮಾ, ಇದು ಸಕ್ಕರೆ. ರಕ್ತದಾಗ ತುಂಬಿ ಹೊರಗ ಹರೀತಾ ಐತಿ” ಎಂದರು.

“ಎಷ್ಟು ದಿನದಾಗ ವಾಸಿ ಆಗ್ತೈತ್ರಿ?”

“ವಾಸಿ ಆಗೋದಲ್ಲಮ್ಮಾ. ಇರೋತನಕ ಇರ್ತೈತಿ.”

“ಯಾರು ಇರೋತನಕ?” ಎಂದು ನನ್ನ ಗಂಡ ಕೇಳಿದರು. ಡಾಕ್ಟರು ಚೀಟಿ ಬರೆಯತೊಡಗಿದರು.

ಮೂರು ಬೆರಳು ತೆಗೆದರು. ಕಲ್ಲು ಕಡಿಯುವವರು ಎಡಗಾಲಿನ ಬೆರಳುಗಳಿಂದಲೇ ಕಲ್ಲನ್ನು ಒತ್ತಿ ಹಿಡಿಯುವುದು. ಬೆರಳು ಹೋದ ದಿನ ಅವರು ಅಳಲಿಲ್ಲ. ನಾಲ್ಕು ದಿನ ಬಿಟ್ಟು, “ಉಳಿ ಸುತ್ತಿಗಿ ಯಾರಿಗರ ಕೊಟ್ಟುಬಿಡು” ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿದ್ದದ್ದನ್ನು ಕಂಡು ನಾನು ಜಗುಲಿಗೆ ಹೋದೆ. ನಾನು ಯಾರಿಗೂ ಏನನ್ನೂ ಕೊಡಲಿಲ್ಲ.

ಎರಡು ತಿಂಗಳು ಅಲ್ಲೇ ಕಳೆದೆವು. ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದೆ. ಮಳೆ ಬಂದರೆ ಒಲೆ ಆರಿ, ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ಗಂಡಸರ ವಾರ್ಡಿಗೂ ಹೆಂಗಸರ ವಾರ್ಡಿಗೂ ಒಂದೇ ಜಗುಲಿ. ಬೆಳಿಗ್ಗೆ ಅಲ್ಲಿ ಸಿಸ್ಟರ್ ದೀಪ ಹಚ್ಚಿಕೊಂಡು ಸಕ್ಕರೆ ರೋಗದವರ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಆ ಮಳೆಗಾಲ ಇಡೀ ಆಸ್ಪತ್ರೆಯಲ್ಲಿ ಆ ರೋಗದವರು ಇದ್ದದ್ದು ಇಬ್ಬರೇ. ಒಬ್ಬರು ನನ್ನ ಗಂಡ. ಇನ್ನೊಬ್ಬಳು ಸಿರುಗುಪ್ಪದ ದರ್ಜಿ ಬಸಣ್ಣನ ಮಗಳು ರತ್ನ.

ರತ್ನಳಿಗೆ ಹದಿನೇಳು. ಹಿಂದಿನ ವರ್ಷ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಮೈ ಒಣಗಿ ಕಡ್ಡಿಯಾದಳು. ರೋಗದ ಹೆಸರು ಗೊತ್ತಾದ ವಾರದಲ್ಲೇ ಅವಳ ಅತ್ತೆ ಬಂಡಿ ಕಟ್ಟಿಸಿ ತವರಿಗೆ ಕಳಿಸಿದಳು. ಇಷ್ಟನ್ನೂ ಅವಳು ನನಗೆ ಮೊದಲ ದಿನವೇ ಬೇರೆ ಯಾರದೋ ಕತೆಯೆಂಬಂತೆ ಹೇಳಿ, “ನಿಮ್ಮ ಕಡಿ ಸಾರಿಗೆ ಹುಣಸಿ ಜಾಸ್ತಿ ಹಾಕ್ತೀರೇನಕ್ಕ? ವಾಸನಿ ಬರಾಕತ್ತೈತಿ” ಎಂದು ಕೇಳಿದಳು. ಅವಳ ತಾಯಿ ಪಾರ್ವತಮ್ಮ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿ ಕುಳಿತಿದ್ದಳು. ಆಕೆಯದು ಮಾತು ಕಡಿಮೆ.

ದೀಪದ ಮುಂದೆ ರತ್ನಳಿಗೂ ನನ್ನ ಗಂಡನಿಗೂ ಆಟ ಶುರುವಾದದ್ದು ಹೇಗೋ ಗೊತ್ತಿಲ್ಲ. ಯಾರ ನಳಿಗೆಯ ಬಣ್ಣ ಹೆಚ್ಚು ಸಕ್ಕರೆ ತೋರಿಸುತ್ತದೋ ಅವರು ಸೋತಂತೆ.

“ಮಾವ, ನಂದು ಹಸರು. ನಿಮ್ಮದು?”

“ಅರಿಷಿಣ.”

“ಸೋತ್ರಿ.”

ಅವರು ಸೋತರೆ ರತ್ನ ಹೇಳಿಕೊಟ್ಟ ಒಂದು ಅಕ್ಷರವನ್ನು ಸ್ಲೇಟಿನ ಮೇಲೆ ಬರೆಯಬೇಕು. ಅವಳು ಎಂಟನೇ ಕ್ಲಾಸು ಓದಿದ್ದಳು. ಅವಳು ಸೋತರೆ ಅವರು ಬಳಪದ ತುಂಡಿನಲ್ಲಿ ಏನಾದರೂ ಕೆತ್ತಿಕೊಡಬೇಕು. ಸಿಸ್ಟರ್ ಕೊಟ್ಟ ಮೊಂಡಾದ ಸೂಜಿಯೇ ಉಳಿ. ನಿಜ ಹೇಳಬೇಕೆಂದರೆ ರತ್ನಳದು ಹೆಚ್ಚು ದಿನ ಇಟ್ಟಿಗೆಯ ಬಣ್ಣವೇ. ಅವಳ ದಿಂಬಿನ ಕೆಳಗೆ ಬೆರಳುದ್ದದ ಗಿಳಿ, ಅಕ್ಕಿಕಾಳಿನಷ್ಟು ಹಿಡಿಕೆಯ ಬೀಸುಕಲ್ಲು, ಕಾಲು ಮುರಿದ ಬಸವ ಎಲ್ಲಾ ಸೇರಿದವು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ ಮನುಷ್ಯ ಬೆಳಗಾಗುವುದನ್ನೇ ಕಾಯತೊಡಗಿದರು.

ಸಿಸ್ಟರ್ ನನಗೂ ಪಾರ್ವತಮ್ಮನಿಗೂ ಸೂಜಿ ಚುಚ್ಚುವುದನ್ನು ಬದನೆಕಾಯಿಯ ಮೇಲೆ ಕಲಿಸಿದರು. ಗಾಜಿನ ಪಿಚಕಾರಿ ಕುದಿಸಬೇಕು, ಗೆರೆ ನೋಡಿ ಔಷಧಿ ಎಳೆಯಬೇಕು, ಗಾಳಿಯ ಗುಳ್ಳೆ ಹೊರಹಾಕಬೇಕು. ಪಾರ್ವತಮ್ಮ ಚುಚ್ಚಿದಾಗಲೆಲ್ಲ ಸೂಜಿ ಬಗ್ಗುತ್ತಿತ್ತು. ನನಗೆ ಬೇಗ ಬಂತು. ಆದರೆ ಬದನೆಕಾಯಿ ಬಿಟ್ಟು ಗಂಡನ ತೊಡೆ ಹಿಡಿದ ದಿನ ನನಗೂ ಕೈ ಓಡಲಿಲ್ಲ.

“ಚುಚ್ಚಲೇ, ಬದನಿಕಾಯಿಕಿಂತ ನಾ ಏನು ಹೆಚ್ಚಲ್ಲ” ಎಂದರು ಅವರು.

ಇನ್ನೊಂದು ಹೇಳಬೇಕು. ಮದುವೆಯಾದ ಹನ್ನೆರಡು ವರ್ಷದಲ್ಲಿ ನಾನು ಅವರ ಜೊತೆ ಕೂತು ಉಂಡಿರಲಿಲ್ಲ. ಅವರದಾದ ಮೇಲೆ ಉಳಿದದ್ದನ್ನು ಒಲೆಯ ಮುಂದೆ ಉಣ್ಣುವುದು ನಮ್ಮಲ್ಲಿ ರೂಢಿ. ಸೂಜಿ ಹಾಕಿದ ಅರ್ಧ ತಾಸಿಗೆ ಸರಿಯಾಗಿ ಒಂದೂವರೆ ರೊಟ್ಟಿ, ಸೊಪ್ಪು, ಅದಕ್ಕಿಂತ ತುತ್ತೂ ಹೆಚ್ಚಿಲ್ಲ ಎಂದು ಡಾಕ್ಟರು ಹೇಳಿದ್ದರು. ಎದುರಿಗೆ ಕೂತು ಕಾಯುತ್ತಿದ್ದ ನನಗೆ ಅವರು ಒಂದು ದಿನ, “ನೀನೂ ತಿನ್ನು. ನೀ ನೋಡ್ಕೋತ ಕುಂತ್ರ ನಂಗ ಹೊಟ್ಟಿ ತುಂಬಂಗಿಲ್ಲ” ಎಂದರು. ಅಂದಿನಿಂದ ಜೊತೆಗೇ ಉಂಡೆವು. ರೋಗ ಕೊಟ್ಟದ್ದರಲ್ಲಿ ನಾನು ಇಟ್ಟುಕೊಂಡದ್ದು ಅದೊಂದು.

ಭಾದ್ರಪದದಲ್ಲಿ ಕುರುಗೋಡಿಗೆ ಮರಳಿದೆವು. ರತ್ನಳೂ ಊರಿಗೆ ಹೋದಳು. ಹಸಿ ಮರಳು ತುಂಬಿದ ಮಡಕೆಯಲ್ಲಿ ಇನ್ಸುಲಿನ್ ಸೀಸೆಯನ್ನು ಕತ್ತಿನವರೆಗೆ ಹುಗಿದು, ಒದ್ದೆ ಬಟ್ಟೆ ಸುತ್ತಿ ಮೂಲೆಯಲ್ಲಿ ಇಟ್ಟಿದ್ದೆ. ಅದು ಮುಗಿದಾಗ ಬಳ್ಳಾರಿಗೆ ಹೋಗಿ ಇನ್ನೊಂದು ತಂದೆ. ಅದು ಅರ್ಧಕ್ಕೆ ಬಂದಿತ್ತು. ಗಾಯ ಪೂರ್ತಿ ಮಾಯ್ದಿರಲಿಲ್ಲ. ಆದರೆ ಅಂಚಿನಲ್ಲಿ ಹೊಸ ಚರ್ಮ ಕೆಂಪಗೆ ಕೂಡುತ್ತಿತ್ತು. ಆಗ ಒಂದು ಬೆಳಿಗ್ಗೆ ಬಸಣ್ಣ ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿನವರೆಗೆ ಎರೆಮಣ್ಣು ಮೆತ್ತಿಕೊಂಡಿತ್ತು.

“ತಂಗೀ, ಬಳ್ಳಾರಿಯಾಗ ಔಷಧಿ ಇಲ್ಲ. ಮದ್ರಾಸಿನಿಂದ ಬರಬೇಕಾದ ಪೆಟ್ಟಿಗಿ ಬಂದಿಲ್ಲಂತ. ರತ್ನಗ ಸೂಜಿ ಹಾಕಿ ಮೂರು ದಿನ ಆತು. ವಾಂತಿ ಆಗಾಕತ್ತೈತಿ. ದೊಡ್ಡ ದೊಡ್ಡ ಉಸುರು ಬಿಡಾಕತ್ಯಾಳ. ನಿಮ್ಮ ಹತ್ರ ಇರಬೇಕು ಅಂತ ಸಿಸ್ಟರ್ ಹೇಳಿದ್ರು.”

ಮಡಕೆ ನನ್ನ ಬೆನ್ನ ಹಿಂದಿನ ಮೂಲೆಯಲ್ಲಿತ್ತು. ನಾನು ತಿರುಗಿ ನೋಡಲಿಲ್ಲ.

“ಇಲ್ಲಣ್ಣ. ನಮ್ಮದೂ ಮುಗದೈತಿ” ಎಂದೆ.

ಬಸಣ್ಣ ನನ್ನ ಮುಖವನ್ನೇ ನೋಡಿದ. ಬಾಗಿಲ ಚೌಕಟ್ಟಿನ ಮೇಲೆ ಇಟ್ಟಿದ್ದ ಕೈ ತೆಗೆದು, ಇಳಿದು, ಎರಡು ಹೆಜ್ಜೆ ಹೋದ. ಅಷ್ಟರಲ್ಲಿ ಒಳಗಿನಿಂದ ನನ್ನ ಗಂಡ ಗೋಡೆ ಹಿಡಿದುಕೊಂಡು ಕುಂಟುತ್ತ ಬಂದರು.

“ಬಸಣ್ಣಾ, ನಿಲ್ಲು. ಐತಿ. ಅರ್ಧ ಸೀಸಿ ಐತಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಅವರನ್ನು ಒಳಗೆ ಎಳೆದುಕೊಂಡು ಹೋಗಿ, “ನಿಮ್ಮ ಕಾಲು ಈಗ ಕೂಡಾಕತ್ತೈತಿ. ಇದನ್ನ ಕೊಟ್ರ ನಿಮಗೇನು ಗತಿ?” ಎಂದು ಕೇಳಿದೆ.

“ಔಷಧಿ ಇಲ್ದಿದ್ರ ನಂದು ಕಾಲು ಹೋಗ್ತೈತಿ. ಆ ಹುಡುಗೀದು ಜೀವ ಹೋಗ್ತೈತಿ. ಡಾಕ್ಟರ್ ಇಬ್ಬರ ಮುಂದನ ಹೇಳಿದ್ರಲ್ಲ.”

“ಸ್ವಲ್ಪರ ಇಟ್ಕೊಳ್ರಿ.”

“ಇರೋದ ಅರ್ಧ. ಅದರಾಗ ಏನು ಇಟ್ಕೊಳ್ಳಿ? ಪಾರ್ವತಮ್ಮಗ ಚುಚ್ಚಾಕ ಬರಂಗಿಲ್ಲ. ನೀನ ಹೋಗಿ ಹಾಕಿ ಬಾ, ಈರಿ. ನಾ ನವಣಿ ಗಂಜಿ ಕುಡ್ಕೊಂಡು ಇರ್ತೀನಿ.”

ನಾನು ಹೋದದ್ದು ದಯೆಯಿಂದಲ್ಲ. ಆ ಸೀಸೆ ಬೇರೆಯವರ ಕೈಯಲ್ಲಿ ಒಡೆದು ಹೋಗಬಾರದೆಂದು, ಹನಿ ಮಿಕ್ಕಿದರೂ ವಾಪಸು ತರಬೇಕೆಂದು ಹೋದೆ. ಬಂಡಿ ಸಿಕ್ಕಷ್ಟು ದೂರ ಬಂಡಿ, ಎರೆಯಲ್ಲಿ ಗಾಲಿ ಹೂತಾಗ ನಡಿಗೆ. ದಾರಿಯಲ್ಲಿ ಹಳ್ಳ ಬಂದು ತುಂಬಿ ಹರಿಯುತ್ತಿತ್ತು. ಇಳಿಯುವವರೆಗೂ ದಂಡೆಯಲ್ಲಿ ಕಾದೆವು. ಬಸಣ್ಣ ಆ ಕಡೆ ಮುಖ ಮಾಡಿ ಕೂತಿದ್ದ. ನಾನು ಹೇಳಿದ ಸುಳ್ಳಿನ ಬಗ್ಗೆ ದಾರಿಯುದ್ದಕ್ಕೂ ಅವನು ಒಂದು ಮಾತು ಎತ್ತಲಿಲ್ಲ. ಬೈದಿದ್ದರೆ ಸುಖವಾಗಿರುತ್ತಿತ್ತು.

ಸಿರುಗುಪ್ಪದಲ್ಲಿ ಅವರ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಊರಿನ ಡಾಕ್ಟರು ಕಾಲರಾ ಸೂಜಿ ಹಾಕಲು ಹಳ್ಳಿಗಳ ಮೇಲೆ ಹೋಗಿದ್ದರು. ಹೊಲಿಗೆ ಯಂತ್ರದ ಪಕ್ಕದ ಚಾಪೆಯ ಮೇಲೆ ರತ್ನ ಮಲಗಿದ್ದಳು. ಕೂಗಿದರೆ ಕಣ್ಣು ತೆರೆಯಲಿಲ್ಲ. ಎದೆ ತಿದಿಯ ಹಾಗೆ ಏಳುತ್ತ ಇಳಿಯುತ್ತ ಇತ್ತು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಆಸ್ಪತ್ರೆಯಲ್ಲಿ ಅವಳಿಗೆ ಹಾಕುತ್ತಿದ್ದ ಗೆರೆಯನ್ನು ನೆನಪಿಸಿಕೊಂಡು, ಅದಕ್ಕಿಂತ ಸ್ವಲ್ಪ ಹೆಚ್ಚೇ ಎಳೆದು ಚುಚ್ಚಿದೆ. ಆಗಾಗ ಉಪ್ಪಿನ ನೀರನ್ನು ಚಮಚದಲ್ಲಿ ತುಟಿಗೆ ಬಿಟ್ಟೆವು. ಮರುದಿನ ಬೆಳಿಗ್ಗೆ ಡಾಕ್ಟರು ಮರಳಿ ಬಂದು ನರಕ್ಕೆ ಸಲೈನ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ರತ್ನ ಕಣ್ಣು ಬಿಟ್ಟು ನನ್ನನ್ನು ಗುರುತಿಸಿ, “ಅಕ್ಕ, ಮಾವ ಯಾವ ಅಕ್ಷರತನಕ ಬಂದ್ರು?” ಎಂದಳು. ಪಾರ್ವತಮ್ಮ ಹಿತ್ತಲಿಗೆ ಓಡಿಹೋಗಿ ಅತ್ತಳು.

ನಾಲ್ಕು ದಿನ ಅಲ್ಲೇ ಉಳಿದೆ. ಪಾರ್ವತಮ್ಮನ ಕೈ ಹಿಡಿದು ಮತ್ತೆ ಬದನೆಕಾಯಿಯಿಂದ ಶುರುಮಾಡಿ ಕಲಿಸಿದೆ. ಈ ಸಲ ಬಂತು. ಸೀಸೆಯಲ್ಲಿ ತಳ ಮಾತ್ರ ಉಳಿದಿತ್ತು. ತೆಗೆದುಕೊಂಡು ಬರಲು ಕೈ ಬರಲಿಲ್ಲ.

ಕುರುಗೋಡಿಗೆ ಬಂದು ಬಾಗಿಲು ತೆಗೆದಾಗಲೇ ವಾಸನೆ ಬಂತು. ಕಾಲು ಮೀನಖಂಡದವರೆಗೆ ಬಾತು ನೀಲಿಯಾಗಿತ್ತು. ಅವರು ಮೈ ಬೆಂಕಿಯಾಗಿ ಮಲಗಿದ್ದರು. “ಬದುಕಿದ್ಲೇನು?” ಎಂದು ಕೇಳಿದರು. ಹೂಂ ಎಂದೆ. ಮದ್ರಾಸಿನ ಪೆಟ್ಟಿಗೆ ಬಳ್ಳಾರಿಗೆ ಬಂದದ್ದು ಅದೇ ವಾರ. ಅದೇ ವಾರ ಅಲ್ಲಿ ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆ ಚಳಿಗಾಲ ನಾನು ರತ್ನಳನ್ನು ದ್ವೇಷಿಸಿದೆ. ಮುಚ್ಚಿಡುವುದೇಕೆ? ಅವರನ್ನು ಎತ್ತಿ ಕೂರಿಸುವಾಗ, ಬಚ್ಚಲಿಗೆ ಕರೆದೊಯ್ಯುವಾಗ, ಇಲ್ಲದ ಪಾದ ತುರಿಸುತ್ತದೆ ಎಂದು ಅವರು ಚಡಪಡಿಸುವಾಗ ಆ ಹುಡುಗಿಯ ಮುಖ ಕಣ್ಣೆದುರು ಬಂದು ಹಲ್ಲು ಕಚ್ಚುತ್ತಿದ್ದೆ. ಜೋಳದ ಸುಗ್ಗಿಯ ಹೊತ್ತಿಗೆ ಅವಳೇ ಬಂದಳು. ಅಪ್ಪ ಬಿಟ್ಟು ಹೋದ. “ಒಂದು ತಿಂಗಳು ಇರ್ತೀನಕ್ಕ. ಮಾವಗ ಒತ್ತಕ್ಷರ ಬರಂಗಿಲ್ಲ, ನಂಗ ಗೊತ್ತೈತಿ” ಎಂದಳು. ಕಾಲಿನ ಕಡೆ ಒಮ್ಮೆ ನೋಡಿದಳು, ಆಮೇಲೆ ನೋಡಲಿಲ್ಲ. ನಾನು ಅವಳಿಗೆ ಬೆನ್ನು ಕೊಟ್ಟೇ ರೊಟ್ಟಿ ಬಡಿದೆ.

ಅವಳು ಬಂದ ಎರಡನೇ ದಿನ ಅಟ್ಟದ ಮೇಲಿನಿಂದ ಉಳಿ, ಸುತ್ತಿಗೆ ಇಳಿಸಿದಳು. ದೊಡ್ಡ ಕಲ್ಲು ಆಗುವುದಿಲ್ಲ, ಮಡಿಲಲ್ಲಿ ಹಿಡಿಯುವಂಥದ್ದು ಆಗುತ್ತದಲ್ಲ ಎಂದಳು. ನನ್ನ ಗಂಡ ಗೋಣಿಚೀಲ ಹಾಸಿಕೊಂಡು ಕೂತು, ಔಷಧಿ ಅರೆಯುವ ಸಣ್ಣ ಕಲ್ಲುಗಳನ್ನು, ಶುಂಠಿ ಕುಟ್ಟುವ ಕುಟ್ಟಾಣಿಗಳನ್ನು ಕಡಿಯತೊಡಗಿದರು. ಅವಳು ಮರಳು, ನೀರು ಹಾಕಿ ಉಜ್ಜಿ ನುಣುಪು ಮಾಡುತ್ತಿದ್ದಳು. ಇಷ್ಟು ವರ್ಷ ಊರವರ ಹೆಸರುಗಳನ್ನೆಲ್ಲ ಕೊರೆದ ಮನುಷ್ಯ ಒಂದು ಕುಟ್ಟಾಣಿಯ ಬುಡ ಮೇಲೆ ಮಾಡಿ ತಾನೇ ಬರೆದ ತನ್ನ ಹೆಸರನ್ನು ಕೊರೆದರು. ಮಕಾರಕ್ಕೆ ಮಕಾರದ ಒತ್ತು ಕೊಟ್ಟು, ಪಕಾರಕ್ಕೆ ಒತ್ತು ಕೊಡುವುದನ್ನು ಮರೆತಿದ್ದರು. ರತ್ನ ಬಿದ್ದು ಬಿದ್ದು ನಕ್ಕಳು. ಅವರೂ ನಕ್ಕರು. ಆ ನಗು ಕೇಳಿ ನಾನು ಒಲೆಯ ಮುಂದಿನಿಂದ ಎದ್ದು ಬಂದು ಕುಟ್ಟಾಣಿ ಕೈಯಲ್ಲಿ ಹಿಡಿದು ನೋಡಿದೆ. ಅವತ್ತಿನಿಂದ ಮೂವರೂ ಒಟ್ಟಿಗೆ ಕೂತು ಉಂಡೆವು.

ಅವಳು ಊರಿಗೆ ಮರಳಿದ್ದು ಶಿವರಾತ್ರಿ ಕಳೆದ ಮೇಲೆ. ವೈಶಾಖದ ಬಿಸಿಲಿನಲ್ಲಿ ಜ್ವರ ಬಂತಂತೆ. ಈ ಸಲ ಇನ್ಸುಲಿನ್ ಇತ್ತು, ಡಾಕ್ಟರೂ ಇದ್ದರು. ಮೂರೇ ದಿನ. ಸುದ್ದಿ ತಂದವನು ನೀರು ಕೂಡ ಕುಡಿಯದೆ ಹೋದ.

ನನ್ನ ಗಂಡ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು. “ಏಳು ತಿಂಗಳು ಇದ್ಲು” ಎಂದರು.

“ಏಳು ತಿಂಗಳಿಗೆ ನಿಮ್ಮ ಒಂದು ಕಾಲು” ಎಂದುಬಿಟ್ಟೆ. ಅಳುತ್ತಲೇ ಅಂದೆ. ಅಂದದ್ದಂತೂ ಹೌದು.

“ಏಳು ತಿಂಗಳು ಅಂದ್ರ ಸಣ್ಣದಲ್ಲಲೇ. ಆಕಿ ನಕ್ಕಿದ್ದು ನೀ ನೋಡಿಲ್ಲೇನು? ಕೊಟ್ಟಿದ್ದು ನನ್ನ ಕಾಲು. ನಂಗ ಇಲ್ಲದ ಸಂಕಟ ನಿಂಗ್ಯಾಕ?”

ಅವರು ಆಮೇಲೆ ನಾಲ್ಕು ವರ್ಷ ಬದುಕಿದರು. ಕೊನೆಯ ವರ್ಷ ಕಣ್ಣು ಮಂಜಾಗಿ ಉಳಿ ಬಿಟ್ಟರು. ಅಷ್ಟರಲ್ಲಿ ಅವರಿಂದಲೇ ಅಕ್ಷರ ಕಲಿತಿದ್ದ ನಾನು ಸಿಕ್ಕ ಹಳೆಯ ಪತ್ರಿಕೆಗಳನ್ನು ಓದಿ ಹೇಳುತ್ತಿದ್ದೆ. ತಪ್ಪಿದರೆ ತಿದ್ದುತ್ತಿದ್ದರು. ಊರಿನಲ್ಲಿ ಯಾರಿಗೆ ಸೂಜಿ ಹಾಕಬೇಕಾದರೂ ನನ್ನನ್ನೇ ಕರೆಯುತ್ತಿದ್ದರು. ಯಾರಿಗೂ ಇಲ್ಲ ಎನ್ನಲಿಲ್ಲ.

ರತ್ನ ಹೋದ ಹನ್ನೊಂದನೇ ದಿನಕ್ಕೆ ನಾನೊಬ್ಬಳೇ ಸಿರುಗುಪ್ಪಕ್ಕೆ ಹೋಗಿದ್ದೆ. ಬಂದವರೆಲ್ಲ ಎದ್ದು ಹೋದ ಮೇಲೆ ಪಾರ್ವತಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಕೈ ತೊಳೆಯಲು ನೀರು ಹಾಕಿದಳು. ಆಕೆಗೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ನಾನು ಬಂದಿದ್ದೆ.

“ಅಕ್ಕ, ಅವತ್ತು ಅಣ್ಣ ಬಂದಾಗ ನಾನು...”

“ಇಲ್ಲ ಅಂದಿದ್ದಿ” ಎಂದಳು ಪಾರ್ವತಮ್ಮ. “ನಮ್ಮನಿಯವರು ಅವತ್ತ ಹೇಳಿದ್ರು.”

ನೀರು ನನ್ನ ಕೈ ಮೇಲೆ ಬೀಳುತ್ತಲೇ ಇತ್ತು.

“ನಾನು ಸಿಟ್ಟಾಗಿದ್ದೆ. ನಾಲ್ಕು ದಿನ ನೀನು ಇಲ್ಲಿ ಇದ್ದಾಗ, ನನ್ನ ಕೈ ಹಿಡದು ಕಲಿಸುವಾಗ, ಬೈಬೇಕು ಅಂತಿದ್ದೆ. ಆದ್ರ ರತ್ನ ಎದ್ದು ಕುಂತ ಕೂಡ್ಲೆ, ‘ಅವ್ವಾ, ಈರಮ್ಮಕ್ಕ ಹಳ್ಳ ದಾಟಿ ತಂದ್ಲಲ್ಲ, ತನ್ನ ಗಂಡಂದು ಬಿಟ್ಟು ನನಗ ತಂದ್ಲಲ್ಲ’ ಅಂದ್ಲು. ಗಂಡನ ಮನಿಯವರು ಹೊರಗ ಹಾಕಿದ ಮ್ಯಾಲೆ ಆಕಿ ಅಷ್ಟು ಖುಷಿ ಪಟ್ಟಿದ್ದು ನಾ ನೋಡಿರಲಿಲ್ಲ. ಆಕಿಗೆ ನಾವು ಏನೂ ಹೇಳಲಿಲ್ಲ. ನೀನ ನಿನ್ನ ಮನಸಿನಿಂದ ತಂದಿ ಅಂತ ತಿಳಕೊಂಡ ಹೋದ್ಲು.”

ತಂಬಿಗೆ ಬರಿದಾಯಿತು. ಆಕೆ ಅದನ್ನು ಕಟ್ಟೆಯ ಮೇಲೆ ಕವುಚಿಟ್ಟು, ಕೈ ಒರೆಸಿಕೊಳ್ಳಲು ತನ್ನ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದಳು.